ಕುಡಿಯುತ್ತಿದ್ದರು, ಕುಡಿಯುತ್ತಾರೆ

ಪವಾಯಿ
೧೨ ಜುಲೈ ೧೯೯೦

ಮಾನ್ಯ ಮೇಷ್ಟ್ರಿಗೆ ಪುಟ್ಟಲಕ್ಷ್ಮಿಯ ನಮಸ್ಕಾರಗಳು.

ಕನ್ನಡ ಸಂಘದಿಂದ ಅಂಚೆಯಲ್ಲಿ ಕಳಿಸಿದ ಆರನೇ ಇಂಗ್ಲಿಷ್ ಪಾಠ ಶನಿವಾರ ತಲುಪಿತು. ಮಳೆಗೆ ಲಕೋಟೆ ನೆಂದು ಕೊನೆಯ ಹಾಳೆಯ ಶಾಯಿ ಹರಡಿತ್ತು. ಓದಿಕೊಳ್ಳುವಷ್ಟು ಉಳಿದಿತ್ತು.

ಪಾಠ ‘ಯೂಸ್ಡ್ ಟು’ ಬಗ್ಗೆ. ಹತ್ತು ವಾಕ್ಯ ಬರೆಯಿರಿ ಎಂದು ಹೇಳಿದ್ದೀರಿ. ನನಗೆ ಹೊಳೆದದ್ದು ನಾಲ್ಕೇ. ಇಂಗ್ಲಿಷಿನದನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಮಡಿಸಿಟ್ಟಿದ್ದೇನೆ. ಅರ್ಥ ಸರಿಯಾಗಿ ಹಿಡಿದಿದ್ದೇನೋ ಇಲ್ಲವೋ ನೀವು ನೋಡಲೆಂದು ಕನ್ನಡದಲ್ಲೂ ಹೇಳುತ್ತೇನೆ. ನಾನು ವಿಕ್ರೋಳಿಯಲ್ಲಿ ಇರುತ್ತಿದ್ದೆ. ನಾನು ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ. ನಮ್ಮ ಮನೆಯವರು ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ನನ್ನ ಮಗಳು ಸುಮಿತ್ರಾ ಹಾಡುತ್ತಿದ್ದಳು.

ಒಂದು ಸಂದೇಹವಿದೆ. ಮೊನ್ನೆ ಪರಿಚಯದವರೊಬ್ಬರ ಟೈಪ್ ಮಾಡಿದ ಕಾಗದ ನೋಡಿದೆ. ನಾಲ್ಕು ಪುಟ. ನನಗೆ ಅದರಲ್ಲಿ ಅರ್ಥವಾದದ್ದು ಒಂದೇ ಸಾಲು, ಆರನೇ ಪಾಠ ಆಗತಾನೇ ಓದಿದ್ದರಿಂದ. ‘ಹಿ ಯೂಸ್ಡ್ ಟು ಡ್ರಿಂಕ್ ಎವೆರಿ ಡೇ.’ ಇದನ್ನು ಓದಿದವರು ಆತ ಈಗಲೂ ಕುಡಿಯುತ್ತಾನೆ ಎಂದು ತಿಳಿಯುತ್ತಾರೋ, ಬಿಟ್ಟಿದ್ದಾನೆ ಎಂದು ತಿಳಿಯುತ್ತಾರೋ? ಪಾಠದಲ್ಲಿ ಇದನ್ನು ಬಿಡಿಸಿ ಹೇಳಿರುವ ಜಾಗದಲ್ಲೇ ಶಾಯಿ ಹರಡಿದೆ.

ಇಂತು,
ಪುಟ್ಟಲಕ್ಷ್ಮಿ


ಮಾಟುಂಗ
೧೯ ಜುಲೈ ೧೯೯೦

ಶ್ರೀಮತಿ ಪುಟ್ಟಲಕ್ಷ್ಮಿಯವರಿಗೆ,

ನಿಮ್ಮ ವಾಕ್ಯಗಳನ್ನು ನೋಡಿದೆ. ಕಾಗುಣಿತದ ತಪ್ಪು ಎರಡೇ. ಆದರೆ ಅರ್ಥದ ತಪ್ಪುಗಳಿವೆ.

‘ಯೂಸ್ಡ್ ಟು’ ಎಂದರೆ ಹಿಂದೆ ರೂಢಿಯಾಗಿದ್ದು, ಈಗ ಇಲ್ಲ. ನಮ್ಮ ‘ಮಾಡುತ್ತಿದ್ದ’ ಎಂಬ ಮಾತಿಗೆ ಈ ಕಟ್ಟು ಇಲ್ಲ. ‘ಅವನು ದಿನಾ ದೇವಸ್ಥಾನಕ್ಕೆ ಹೋಗುತ್ತಿದ್ದ’ ಎಂದರೆ ಈಗಲೂ ಹೋಗುತ್ತಿರಬಹುದು, ಕನ್ನಡ ಅದನ್ನು ಕೇಳುವುದಿಲ್ಲ. ಇಂಗ್ಲಿಷಿನವರು ಈ ಪದ ಹಾಕಿದರೆ ಬಾಗಿಲು ಮುಚ್ಚಿದ ಹಾಗೆ. ಆದ್ದರಿಂದ ನಿಮ್ಮ ವಾಕ್ಯಗಳನ್ನು ತಿದ್ದಿದ್ದೇನೆ. ನೀವು ಅಕ್ಕನ ಮನೆಗೆ ಬಂದಿರುವುದಾಗಿ ಹಿಂದೊಮ್ಮೆ ಬರೆದಿದ್ದಿರಿ. ನಾಲ್ಕು ದಿನ ಇರಲು ಬಂದವರು ‘ವಿಕ್ರೋಳಿಯಲ್ಲಿ ಇರುತ್ತಿದ್ದೆ’ ಎನ್ನಬಾರದು, ‘ಇರುತ್ತೇನೆ’ ಎನ್ನಬೇಕು. ನಿಮ್ಮ ಯಜಮಾನರು ಲೆಕ್ಕ ಹೇಳಿಕೊಡುವುದನ್ನು ನಿಲ್ಲಿಸಿರಲಾರರು. ಒಂಬತ್ತು ವರ್ಷದ ಹುಡುಗಿ ಹಾಡುವುದನ್ನು ಬಿಟ್ಟಿರಲಾರಳು. ಅಲ್ಲೆಲ್ಲ ವರ್ತಮಾನ ಹಾಕಿದ್ದೇನೆ. ಬೆಳಿಗ್ಗೆ ಐದಕ್ಕೆ ಏಳುವುದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಅಕ್ಕನ ಮನೆಯಲ್ಲಿ ಯಾರೂ ಐದಕ್ಕೆ ಏಳುವುದಿಲ್ಲ.

ನಿಮ್ಮ ಸಂದೇಹದ ವಾಕ್ಯಕ್ಕೂ ಇದೇ ಉತ್ತರ. ಆತ ಕುಡಿಯುತ್ತಿದ್ದ, ಈಗ ಬಿಟ್ಟಿದ್ದಾನೆ. ಈಗಲೂ ಕುಡಿಯುವವನಾದರೆ ‘ಹಿ ಡ್ರಿಂಕ್ಸ್’ ಎಂದಷ್ಟೇ ಸಾಕು. ಏನನ್ನು ಎಂದು ಹೇಳುವುದೇ ಬೇಡ, ಹೆಂಡವೆಂದೇ ಅರ್ಥ.

ಸದಾನಂದ


ಪವಾಯಿ
೩೦ ಜುಲೈ ೧೯೯೦

ಮಾನ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನೀವು ತಿದ್ದಿದ ಹಾಗೆ ನಾಲ್ಕೂ ವಾಕ್ಯಗಳನ್ನು ಇನ್ನೊಮ್ಮೆ ಬರೆದಿದ್ದೇನೆ. ನಾನು ಬರೆದಿದ್ದಕ್ಕಿಂತ ಚೆನ್ನಾಗಿವೆ.

ಆ ಟೈಪ್ ಮಾಡಿದ ಕಾಗದದ ಬಗ್ಗೆ ಇನ್ನೊಂದು ಮಾತು ಕೇಳಬೇಕು. ಒಬ್ಬ ಮನುಷ್ಯ ಎಂಟು ವರ್ಷ ಕುಡಿದಿದ್ದಾನೆ ಎಂದುಕೊಳ್ಳಿ. ಐದು ತಿಂಗಳಿಂದ ನಾವು ಅವನ ಜೊತೆ ಇಲ್ಲ. ಬಿಟ್ಟಿದ್ದಾನೆ ಎಂದು ಯಾರೋ ಹೇಳುತ್ತಾರೆ, ನಾವು ಕಣ್ಣಾರೆ ನೋಡಿಲ್ಲ. ಆಗ ಯಾವುದನ್ನು ಬರೆಯಬೇಕು? ಅನುಮಾನ ಇರುವಾಗ ಹಾಕುವ ಪದ ಇಂಗ್ಲಿಷಿನಲ್ಲಿ ಇದೆಯೇ? ನೀವು ಹೇಳಿದ್ದನ್ನು ದೊಡ್ಡ ಆಫೀಸಿನವರು, ಜಡ್ಜ್ ತರಹದವರು ಒಪ್ಪುತ್ತಾರೆಯೇ?

ಪಾಠದ ಹಾಳೆಯ ಮೇಲೆ ‘ಪ್ರೊಫೆಸರ್’ ಎಂದು ಅಚ್ಚಾಗಿದೆ. ತಾವು ಯಾವ ಕಾಲೇಜಿನಲ್ಲಿ ಕಲಿಸುವುದು ಎಂದು ಅಕ್ಕ ಕೇಳಿದಳು. ನನಗೆ ಹೇಳಲು ತಿಳಿಯಲಿಲ್ಲ.

ಪುಟ್ಟಲಕ್ಷ್ಮಿ


ಮಾಟುಂಗ
೮ ಆಗಸ್ಟ್ ೧೯೯೦

ಶ್ರೀಮತಿ ಪುಟ್ಟಲಕ್ಷ್ಮಿಯವರಿಗೆ,

ಒಳ್ಳೆಯ ಪ್ರಶ್ನೆ. ಉತ್ತರ ಸರಳವಾಗಿದೆ. ಒಂದು ಚಟ ನಿಂತಿದೆ ಎಂದು ನಮಗೆ ಖಚಿತವಾಗಿ ತಿಳಿಯುವವರೆಗೂ ಅದು ಇದೆ ಎಂದೇ ವ್ಯಾಕರಣ ಎಣಿಸುತ್ತದೆ. ಆದ್ದರಿಂದ ‘ಡ್ರಿಂಕ್ಸ್’ ಎಂದೇ ಬರೆಯಬೇಕು. ಯಾವ ಆಫೀಸಿನವರೂ ಇದನ್ನು ತಪ್ಪೆನ್ನಲಾರರು.

ಕಾಲೇಜಿನ ವಿಷಯ ಕೇಳಿದ್ದೀರಿ. ಅದು ಅಷ್ಟು ಮುಖ್ಯವಲ್ಲ. ಏಳನೇ ಪಾಠ ಈ ತಿಂಗಳ ಕೊನೆಗೆ ಬರುತ್ತದೆ. ‘ಗೆಟ್ ಯೂಸ್ಡ್ ಟು’, ಅಂದರೆ ಒಗ್ಗಿಕೊಳ್ಳುವುದು. ಇದು ಬೇರೆಯೇ ವಿಷಯ, ಹಿಂದಿನದರ ಜೊತೆ ಕಲಸಿಕೊಳ್ಳಬೇಡಿ.

ಸದಾನಂದ


ಪವಾಯಿ
೨ ಸೆಪ್ಟೆಂಬರ್ ೧೯೯೦

ಮಾನ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಮಾತಿನಂತೆ ಆ ಕಾಗದ ತಿದ್ದಿಯಾಯಿತು. ಘಾಟ್‌ಕೋಪರಿನಲ್ಲಿ ಟೈಪ್ ಮಾಡಿಸಿದವರ ಹತ್ತಿರ ನಾನೇ ಹೋಗಿದ್ದೆ. ಒಂದು ಶಬ್ದ ಬದಲಾಯಿಸಬೇಕು ಎಂದಾಗ ಅವರು, “ಅರೇ ಬಾಯಿ, ಏಕ್ ಹೀ ಬಾತ್ ಹೈ. ಪೀತಾ ಥಾ, ಪೀತಾ ಹೈ. ಕ್ಯಾ ಫರಕ್ ಪಡತಾ ಹೈ,” ಎಂದರು. ಕುಡಿಯುತ್ತಿದ್ದ, ಕುಡಿಯುತ್ತಾನೆ ಎರಡೂ ಒಂದೇ ಅಲ್ಲ, ಫರಕ್ ಇದೆ ಎಂದೆ. ಯಾರು ಹೇಳಿದ್ದು ಎಂದರು. ಮಾಟುಂಗದ ಪ್ರೊಫೆಸರ್ ಎಂದೆ. ಆಮೇಲೆ ಮಾತಾಡದೆ ಆ ಪುಟ ಬೇರೆ ಟೈಪ್ ಮಾಡಿಸಿದರು. ಇಂಗ್ಲಿಷಿನಲ್ಲಿ ನನ್ನ ಮಾತು ನಡೆದದ್ದು ಅದೇ ಮೊದಲು.

ಏಳನೇ ಪಾಠ ಬಂದಿದೆ. ವಾಕ್ಯಗಳನ್ನು ನಿಧಾನವಾಗಿ ಬರೆದು ಕಳಿಸುತ್ತೇನೆ.

ಪುಟ್ಟಲಕ್ಷ್ಮಿ


ಮಾಟುಂಗ
೫ ಅಕ್ಟೋಬರ್ ೧೯೯೦

ಶ್ರೀಮತಿ ಪುಟ್ಟಲಕ್ಷ್ಮಿಯವರಿಗೆ,

ಒಂದು ತಿಂಗಳಾಯಿತು, ಏಳನೇ ಪಾಠದ ವಾಕ್ಯಗಳು ಬಂದಿಲ್ಲ. ಅಂಚೆಯಲ್ಲಿ ಕಳೆದಿರಬಹುದು ಎಂದುಕೊಂಡಿದ್ದೇನೆ. ಕಷ್ಟವೆನಿಸಿದರೆ ಐದೇ ಬರೆಯಿರಿ. ಅಥವಾ ನಿಮ್ಮ ಯಜಮಾನರ ಸಹಾಯ ಪಡೆಯಿರಿ. ವಿಕ್ರೋಳಿಗೆ ಮರಳಿದ್ದರೆ ಅಲ್ಲಿನ ವಿಳಾಸ ತಿಳಿಸಿ, ಎಂಟನೆಯದನ್ನು ಅಲ್ಲಿಗೇ ಕಳಿಸುತ್ತೇವೆ.

ಸದಾನಂದ


ಪವಾಯಿ
೧೧ ನವೆಂಬರ್ ೧೯೯೦

ಮೇಷ್ಟ್ರೇ,

ಏಳನೇ ಪಾಠದ ವಾಕ್ಯಗಳು ಅಂಚೆಯಲ್ಲಿ ಕಳೆದಿಲ್ಲ. ನಾನೇ ಬರೆಯಲಿಲ್ಲ. ಇದನ್ನು ಪಾಠದ ಉತ್ತರ ಎಂದು ತಿಳಿಯಬೇಡಿ.

ಆ ಟೈಪ್ ಮಾಡಿದ ಕಾಗದ ಪರಿಚಯದವರದಲ್ಲ, ನನ್ನದು. ಬಾಂದ್ರಾದ ಕೋರ್ಟಿಗೆ ನಾನು ಕೊಟ್ಟ ಹೇಳಿಕೆ. ಕುಡಿಯುವವರು ನಮ್ಮ ಮನೆಯವರು, ಕೇಶವಮೂರ್ತಿ. ವಿಕ್ರೋಳಿಯ ಕಾರ್ಖಾನೆಯಲ್ಲಿ ಟರ್ನರ್, ಲೇತ್ ಯಂತ್ರದ ಕೆಲಸ. ನಮ್ಮ ಊರು ಚನ್ನರಾಯಪಟ್ಟಣದ ಹತ್ತಿರ, ಅವರದೂ ಅಲ್ಲೇ. ಮದುವೆಯಾಗಿ ಬಂದ ಮೂರನೇ ವರ್ಷ ಕುಡಿತ ಶುರುವಾಯಿತು. ಹೊಡೆದವರಲ್ಲ, ಬೈದವರಲ್ಲ. ಮರೆಯುತ್ತಿದ್ದರು. ಅದು ಎಂಥದ್ದೆಂದು ಹೇಳುತ್ತೇನೆ.

ಈ ವರ್ಷ ಫೆಬ್ರವರಿಯಲ್ಲಿ ಒಂದು ಭಾನುವಾರ ಮಗಳಿಗೆ ಸ್ಕೂಲ್ ಶೂ ಕೊಡಿಸುತ್ತೇನೆಂದು ದಾದರಿಗೆ ಕರೆದುಕೊಂಡು ಹೋದರು. ನಾಲ್ಕು ಗಂಟೆಗೆ ಒಬ್ಬರೇ ಬಂದು ಮಲಗಿದರು. ಸುಮಿ ಎಲ್ಲಿ ಎಂದು ಕೇಳಿದೆ. “ಸುಮೀನಾ? ಮನೇಲಿಲ್ವಾ?” ಎಂದರು. ನಾನು ಲೋಕಲ್ ರೈಲು ಹಿಡಿದು ದಾದರ್ ಸ್ಟೇಷನ್ನಿಗೆ ಓಡಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಶೂ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಪ್ಪ ಇಲ್ಲೇ ಕೂತಿರು ಎಂದರಂತೆ, ಕೂತಿದ್ದಳು. ಮೂರು ಗಂಟೆ ಹೊತ್ತು. ಆಕೆಯ ಮುಂದೆ ಎಷ್ಟು ಲೋಕಲ್ ಹೋದವೋ. ಆ ವಾರವೇ ಅಕ್ಕನ ಮನೆಗೆ ಬಂದೆ. ಭಾವ ಇಲ್ಲಿನ ಎಂಜಿನಿಯರಿಂಗ್ ಸಂಸ್ಥೆಯ ಲ್ಯಾಬಿನಲ್ಲಿದ್ದಾರೆ, ಕ್ವಾರ್ಟರ್ಸ್ ಇದೆ.

ಮಗಳು ತಮ್ಮ ಹತ್ತಿರ ಇರಬೇಕೆಂದು ಕೇಸು ಹಾಕಿದ್ದು ಅವರು. ಅದಕ್ಕೆ ನಾನು ಕೊಟ್ಟ ಉತ್ತರವೇ ಆ ನಾಲ್ಕು ಪುಟ.

ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ಬಿಟ್ಟಿದ್ದಾರೆ ಎಂದು ಯಾರೋ ಹೇಳುತ್ತಾರೆ, ನಾವು ನೋಡಿಲ್ಲ ಎಂದು ಕೇಳಿದ್ದೆನಲ್ಲ, ನಾನು ನೋಡಿದ್ದೆ. ಪಕ್ಕದ ಮನೆಯ ದಾನವ್ವ ಮೇ ತಿಂಗಳಲ್ಲಿ ಇಲ್ಲಿಗೆ ಬಂದು, “ಯುಗಾದಿಯಿಂದ ಮುಟ್ಟಿಲ್ಲ ನೋಡವ್ವಾ. ನಾ ಗ್ವಾಡಿ ಬಾಜೂಕ ಇರಾಕಿ, ನನಗ ಗೊತ್ತಾಗಂಗಿಲ್ಲೇನು,” ಎಂದರು. ನಂಬಲಿಲ್ಲ. ಜೂನಿನಲ್ಲಿ ಮಗಳ ಪುಸ್ತಕ ತರಲು ನಾನೇ ಹೋದೆ. ಸಂಬಳದ ಶನಿವಾರ, ಸಂಜೆ ಏಳು ಗಂಟೆ. ಆ ಹೊತ್ತಿಗೆ ಅವರು ಮನೆಯಲ್ಲಿದ್ದುದನ್ನು ನಾನು ಎಂಟು ವರ್ಷದಲ್ಲಿ ನೋಡಿರಲಿಲ್ಲ. ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಕಣ್ಣು ಸ್ವಚ್ಛವಾಗಿತ್ತು. ಪುಸ್ತಕಗಳನ್ನು ಹಗ್ಗ ಹಾಕಿ ಕಟ್ಟಿಕೊಟ್ಟರು. ಬಾ ಎನ್ನಲಿಲ್ಲ, ಇರು ಎನ್ನಲಿಲ್ಲ.

ಬಿಟ್ಟಿದ್ದಾರೆ ಎಂದು ಗೊತ್ತಿದ್ದೇ ನಿಮ್ಮನ್ನು ಕೇಳಿದೆ. ಘಾಟ್‌ಕೋಪರಿನ ವಕೀಲರು ಅಡ್ಡಾದಿಡ್ಡಿ ಬರೆಸಿದ್ದ ಸಾಲು ನಿಜವಾಗಿತ್ತು. ನಿಜವಾದರೆ ಮಗಳನ್ನು ಕೊಡಬೇಕಾಗುತ್ತದೆ ಎಂದು ಹೆದರಿದೆ. ನೀವು ‘ಡ್ರಿಂಕ್ಸ್ ಎಂದೇ ಬರೆಯಬೇಕು’ ಎಂದಾಗ ನಾನು ಸುಳ್ಳು ಹೇಳುತ್ತಿಲ್ಲ, ವ್ಯಾಕರಣ ಹೇಳುತ್ತಿದೆ ಎಂದುಕೊಂಡೆ.

ಅಕ್ಟೋಬರಿನಲ್ಲಿ ಕೋರ್ಟಿನ ಕೌನ್ಸೆಲರ್ ಮೇಡಂ ಮುಂದೆ ಇಬ್ಬರನ್ನೂ ಕೂರಿಸಿದರು. ಮೇಡಂ ಆ ಸಾಲು ಓದಿ, ದಿನಾ ಕುಡಿಯುತ್ತಾರಾ ಎಂದು ಹಿಂದಿಯಲ್ಲಿ ಕೇಳಿದರು, “ರೋಜ್ ಪೀತೇ ಹೈಂ?” ನಾನು ಹಾಂ ಎಂದೆ. ಇವರು ಜಗಳವಾಡುತ್ತಾರೆ, ದಾನವ್ವನನ್ನು ಸಾಕ್ಷಿ ಕರೆಯುತ್ತಾರೆ ಎಂದು ನಾನು ಸಿದ್ಧವಾಗಿ ಹೋಗಿದ್ದೆ. ಇವರು ನನ್ನ ಕಡೆ ತಿರುಗಿ, “ಇಸ್ನೇ ಬೋಲಾ ಹೈ ತೋ ಲಿಖ್ ಲೀಜಿಯೆ, ಮೇಡಂ,” ಎಂದರು. ಇವಳೇ ಹೇಳಿದ ಮೇಲೆ ಬರೆದುಕೊಳ್ಳಿ ಎಂದು. ಮೇಡಂ ಬರೆದುಕೊಂಡರು.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಶನಿವಾರ ಒಂದು ಗಂಟೆ, ಕೋರ್ಟಿನದೇ ಒಂದು ಕೋಣೆಯಲ್ಲಿ ಅಪ್ಪ ಮಗಳು ಭೇಟಿ. ಅಲ್ಲೊಬ್ಬ ಹೆಂಗಸು ಕುರ್ಚಿ ಹಾಕಿಕೊಂಡು ನೋಡುತ್ತಿರುತ್ತಾರೆ. ನಿನ್ನೆ ವಾಪಸು ಬರುವಾಗ ಬಸ್ಸಿನಲ್ಲಿ ಸುಮಿ ಕೇಳಿದಳು, “ಅಮ್ಮ, ಅಪ್ಪ ಚೋರಿ ಮಾಡಿದ್ರಾ? ಆ ಆಂಟಿ ಯಾಕೆ ವಾಚ್ ಮಾಡ್ತಾ ಇರ್ತಾರೆ?”

ನಮ್ಮ ಸ್ಟಾಪು ಬಂತು, ಇಳಿ ಎಂದೆ.

ನಿಮ್ಮ ಏಳನೇ ಪಾಠದಿಂದ ನನಗೆ ಒಂದೇ ವಾಕ್ಯ ಬಂತು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೋ ತಿಳಿಯದು. ಅವರು ಕುಡಿಯುವುದಕ್ಕೆ ನಾನು ಒಗ್ಗಿಹೋಗಿದ್ದೆ, ಕುಡಿಯದೆ ಇರುವುದಕ್ಕೆ ಒಗ್ಗಲಿಲ್ಲ.

ಪುಟ್ಟಲಕ್ಷ್ಮಿ


ಮಾಟುಂಗ
೨೫ ನವೆಂಬರ್ ೧೯೯೦

ಪುಟ್ಟಲಕ್ಷ್ಮಿಯವರಿಗೆ,

ನಿಮ್ಮ ಕಾಗದವನ್ನು ಹತ್ತು ದಿನ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಓಡಾಡಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಮೊದಲು ನನ್ನ ವಿಷಯ ಹೇಳಬೇಕಾಗುತ್ತದೆ ಎಂದು ಎದ್ದುಬಿಡುತ್ತಿದ್ದೆ. ಇವತ್ತು ಹೇಳುತ್ತೇನೆ.

ನಾನು ಪ್ರೊಫೆಸರ್ ಅಲ್ಲ. ಮಾಟುಂಗ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಷಿಯರ್. ಕಾರ್ಕಳದ ಕಡೆಯವನು. ಹದಿನಾಲ್ಕನೇ ವಯಸ್ಸಿನಲ್ಲಿ ಬಂದು, ಟೇಬಲ್ ಒರೆಸಿ, ಇಲ್ಲಿನ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿಕೊಂಡೆ. ಅಂಚೆ ಪಾಠ ಬರೆದ ಪ್ರೊಫೆಸರ್ ಎರಡು ವರ್ಷದ ಹಿಂದೆ ಬೆಂಗಳೂರಿಗೆ ಹೋದರು. ಹೊಸಬರು ಸಿಗುವವರೆಗೆ ಉತ್ತರಗಳನ್ನು ನೀವು ನೋಡಿ ಎಂದು ಸಂಘದವರು ನನಗೆ ಕೊಟ್ಟರು. ಹೊಸಬರು ಸಿಗಲಿಲ್ಲ. ಹಾಳೆಯ ಮೇಲಿನ ಅಚ್ಚು ಹಾಗೇ ಉಳಿಯಿತು. ನೀವು ಕಾಲೇಜು ಯಾವುದು ಎಂದು ಕೇಳಿದ ದಿನ ನಮ್ಮ ಅಡುಗೆಯ ಅಣ್ಣು ಅದನ್ನು ಓದಿ, “ಎಂಥದು ಮಾರಾಯ್ರೆ, ಕಾಲೇಜಿನ ಹೆಸರು ಹೇಳಿ. ಗಲ್ಲಾಪೆಟ್ಟಿಗೆ ಕಾಲೇಜು ಅಂತ ಬರೀರಿ,” ಎಂದು ನಗಾಡಿದ. ನನಗೆ ನಗು ಬರಲಿಲ್ಲ. ಬರೆಯಲೂ ಇಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ‘ಚಟ ನಿಂತಿದೆ ಎಂದು ಖಚಿತವಾಗಿ ತಿಳಿಯುವವರೆಗೂ ಅದು ಇದೆ ಎಂದೇ ವ್ಯಾಕರಣ ಎಣಿಸುತ್ತದೆ’ ಎಂದು ಬರೆದೆನಲ್ಲ, ಅಂಥ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ನಾನೇ ಮಾಡಿದ್ದು. ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬರೆದರೆ ಪ್ರೊಫೆಸರ್ ಅಲ್ಲ ಎಂದು ತಿಳಿದುಬಿಡುತ್ತದೆ ಎಂದು ಹೆದರಿದೆ. ಹನ್ನೊಂದೂವರೆಯ ಗಿರಾಕಿ ಗದ್ದಲದಲ್ಲಿ, ಚಿಲ್ಲರೆ ಕೊಡುತ್ತ, ಆ ಸಾಲು ಬರೆದೆ.

ಜಡ್ಜ್ ಎಂಬ ಮಾತು ನಿಮ್ಮ ಕಾಗದದಲ್ಲಿತ್ತು. ಇದು ಪಾಠದ ಪ್ರಶ್ನೆಯಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಕೇಳಬಹುದಿತ್ತು, ಕೇಳಲಿಲ್ಲ. ನಿಮ್ಮ ಮೊದಲಿನ ನಾಲ್ಕು ವಾಕ್ಯಗಳನ್ನು ಈಗ ತೆಗೆದು ನೋಡಿದೆ, ನನ್ನ ಹತ್ತಿರ ನಕಲು ಇದೆ. ಅರ್ಥದಲ್ಲಿ ಒಂದೂ ತಪ್ಪಿರಲಿಲ್ಲ. ತಿದ್ದಿದ್ದೇ ತಪ್ಪು.

ಏನು ಮಾಡಬೇಕೆಂದು ನೀವು ಕೇಳಿಲ್ಲ. ನಾನು ಹೇಳುವ ಸ್ಥಾನದಲ್ಲೂ ಇಲ್ಲ. ಆದರೆ ಆ ಸಾಲನ್ನು ಬದಲಾಯಿಸಲು ನೀವು ಮನಸ್ಸು ಮಾಡಿದರೆ, ಮೊದಲು ಯಾಕೆ ತಿದ್ದಿಸಿದಿರಿ ಎಂದು ಅವರು ಕೇಳುತ್ತಾರೆ. ಆಗ ಈ ಕಾಗದ ತೋರಿಸಿ. ತಿಳಿಯದ ಮನುಷ್ಯನೊಬ್ಬ ತಿಳಿದವನ ಹಾಗೆ ಹೇಳಿದ, ಅದನ್ನು ನಂಬಿದೆ ಎಂದು ಹೇಳಿ. ಹೋಟೆಲಿನ ವಿಳಾಸ ಕೆಳಗಿದೆ. ಕರೆದರೆ ಬಾಂದ್ರಾಕ್ಕೆ ಬರುತ್ತೇನೆ, ಬುಧವಾರ ನನಗೆ ರಜೆ.

ನಿಮ್ಮ ಕೊನೆಯ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು ಇಟ್ಟಿದ್ದೇನೆ. ಸರಿಯಿದೆ ಎಂದು ನನಗೆ ಅನ್ನಿಸುತ್ತದೆ, ಆದರೆ ಖಚಿತವಿಲ್ಲ.

ಸದಾನಂದ


ಮಾಟುಂಗ
೨೦ ಜನವರಿ ೧೯೯೧

ಪುಟ್ಟಲಕ್ಷ್ಮಿಯವರಿಗೆ,

ಉತ್ತರ ಬರಲಿಲ್ಲ. ಬರಬೇಕೆಂದೂ ಇಲ್ಲ. ಸಂಘದ ಸೆಕ್ರೆಟರಿಗೆ ವಿಷಯ ತಿಳಿಸಿ, ಹಾಳೆಗಳ ಮೇಲಿನ ‘ಪ್ರೊಫೆಸರ್’ ಎಂಬುದನ್ನು ಹೊಡೆದುಹಾಕಿಸಿದ್ದೇನೆ. ಮೂವರು ವಿದ್ಯಾರ್ಥಿಗಳು ಬಿಟ್ಟರು, ಹದಿಮೂರು ಮಂದಿ ಉಳಿದಿದ್ದಾರೆ. ನಿಮ್ಮ ಹೆಸರನ್ನು ಯಾವ ಕಡೆ ಸೇರಿಸಬೇಕೋ ತಿಳಿಯದೆ ಹಾಗೇ ಇಟ್ಟಿದ್ದೇನೆ.

ಎಂಟನೇ ಪಾಠ ಇದರೊಂದಿಗಿದೆ.

ಸದಾನಂದ


ಪವಾಯಿ
೨೧ ಏಪ್ರಿಲ್ ೧೯೯೧

ಸದಾನಂದ ಮೇಷ್ಟ್ರಿಗೆ ನಮಸ್ಕಾರಗಳು.

ಮೇಷ್ಟ್ರು ಎಂದೇ ಬರೆಯುತ್ತೇನೆ. ನನಗೆ ಇಂಗ್ಲಿಷ್ ಕಲಿಸಿದವರು ಬೇರೆ ಯಾರೂ ಇಲ್ಲ.

ನವೆಂಬರಿನ ಕಾಗದ ಓದಿ ಮೊದಲು ಸಿಟ್ಟು ಬಂತು. ನೀವು ಸುಳ್ಳು ನಿಯಮ ಹೇಳಿದ್ದರಿಂದ ನಾನು ಹೀಗೆ ಮಾಡಿದೆ ಎಂದು ಒಂದು ವಾರ ಅಂದುಕೊಂಡು ಓಡಾಡಿದೆ, ಮನಸ್ಸಿಗೆ ಹಗುರವಾಗಿತ್ತು. ಆಮೇಲೆ ಅದು ನಡೆಯಲಿಲ್ಲ. ನೀವು ‘ಗೊತ್ತಿಲ್ಲ’ ಎಂದು ಬರೆದಿದ್ದರೂ ನಾನು ಇನ್ನೊಬ್ಬರನ್ನು ಹುಡುಕಿ ಕೇಳುತ್ತಿದ್ದೆ. ಆ ಶಬ್ದ ಕೊಡುವವರು ಸಿಗುವವರೆಗೂ ಕೇಳುತ್ತಿದ್ದೆ.

ಫೆಬ್ರವರಿಯ ತಾರೀಖಿಗೆ ಕೋರ್ಟಿಗೆ ಹೋಗುವ ಮುನ್ನ ಅಕ್ಕ ಸರಸ್ವತಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, “ನಿನಗೇನು ತಲೆ ಕೆಟ್ಟಿದ್ಯೇನೇ? ಗೆದ್ದಿರೋದನ್ನ ಕೈಯಾರೆ ಬಿಡ್ತೀಯಾ? ಅವರು ನಾಳೆ ಮತ್ತೆ ಶುರು ಮಾಡಿದ್ರೆ?” ಎಂದಳು. ಮಾಡಬಹುದು ಎಂದೆ. “ಮತ್ತೆ?” ಎಂದಳು. ಅವಳು ಕೆಳಗಿಟ್ಟ ಪಾತ್ರೆ ಎತ್ತಿಕೊಂಡು ನಾನೇ ತೊಳೆದೆ. ವಕೀಲರಂತೂ ಇನ್ನು ನನ್ನ ಕಾಗದ ಮುಟ್ಟುವುದಿಲ್ಲ ಎಂದು ಫೈಲು ವಾಪಸು ಕೊಟ್ಟರು.

ಹೊಸ ಹೇಳಿಕೆಯನ್ನು ನಾನೇ ಬರೆದೆ. ಅರ್ಧ ಪುಟ, ಇಂಗ್ಲಿಷಿನಲ್ಲಿ. ನಮ್ಮ ಮನೆಯವರು ಮಾರ್ಚ್ ೧೯೯೦ರವರೆಗೆ ಕುಡಿಯುತ್ತಿದ್ದರು. ಆಮೇಲೆ ಬಿಟ್ಟಿದ್ದಾರೆ. ಜೂನ್‌ನಲ್ಲಿ ನಾನು ಕಣ್ಣಾರೆ ನೋಡಿದೆ. ಮೊದಲಿನ ಹೇಳಿಕೆಯಲ್ಲಿ ಗೊತ್ತಿದ್ದೂ ತಪ್ಪಾಗಿ ಬರೆಸಿದೆ. ನನಗೆ ಈಗಲೂ ಭಯವಿದೆ. ಇಷ್ಟೇ. ಸ್ಪೆಲಿಂಗ್ ತಪ್ಪುಗಳಿದ್ದಿರಬಹುದು.

ಕೌನ್ಸೆಲರ್ ಮೇಡಂ ಎರಡು ಸಲ ಓದಿದರು. “ಕಿಸೀನೇ ಡರಾಯಾ ಹೈ ಆಪ್ ಕೋ?” ಎಂದು ಕೇಳಿದರು, ಇವರ ಕಡೆಯವರು ಹೆದರಿಸಿರಬೇಕು ಎಂದು. ಇಲ್ಲವೆಂದೆ. “ಪೆಹಲೇ ಕ್ಯೂಂ ಐಸಾ ಲಿಖ್‌ವಾಯಾ?” ಎಂದರು. ನಿಮ್ಮ ಕಾಗದ ನನ್ನ ಚೀಲದಲ್ಲಿತ್ತು. ತೆಗೆಯಲಿಲ್ಲ. ಮಗಳನ್ನು ಕೊಡಬೇಕಾಗುತ್ತದೆ ಎಂದು ಹೆದರಿ ಮೊದಲು ಹಾಗೆ ಬರೆಸಿದೆ ಎಂದೆ. ಮೇಡಂ ಚೆನ್ನಾಗಿ ಬೈದರು. ಜಡ್ಜ್ ಸಾಹೇಬರ ಮುಂದೆಯೂ ನಿಲ್ಲಿಸಿದರು, ಅವರೂ ಬೈದರು, ಇನ್ನೊಮ್ಮೆ ಹೀಗೆ ಮಾಡಿದರೆ ನೋಡು ಎಂದರು. ಇವರು ಹಿಂದಿನ ಬೆಂಚಿನಲ್ಲಿ ಕೂತು ನೆಲ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ನಾನೇ ಕೇಳಿದೆ, ಅವತ್ತು ಯಾಕೆ ಸುಮ್ಮನಿದ್ದಿರಿ ಎಂದು.

“ಎಂಟು ವರ್ಷ ದಿನಾ ಬಿಟ್ಟಿದೀನಿ ಅಂತ ನಿನ್ ಹತ್ರ ಸುಳ್ಳು ಹೇಳಿದೀನಿ,” ಎಂದರು. “ಈಗ ನಿಜ ಹೇಳಿದ್ರೂ ಅದೇ ಮಾತಲ್ವಾ. ಹೇಗೆ ಹೇಳ್ಬೇಕು ಅಂತ್ಲೇ ಗೊತ್ತಾಗಲಿಲ್ಲ.”

ಮಾರ್ಚಿನಲ್ಲಿ ಆರ್ಡರ್ ಆಯಿತು. ಮಗಳು ನನ್ನ ಹತ್ತಿರವೇ. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅಪ್ಪನ ಜೊತೆ. ಮೇ ರಜೆಯಲ್ಲಿ ಹದಿನೈದು ದಿನ ಅಲ್ಲೇ. ಕುರ್ಚಿ ಹಾಕಿಕೊಂಡು ಕೂರುವವರು ಯಾರೂ ಇಲ್ಲ.

ಮೊದಲ ಭಾನುವಾರ ಐದು ಗಂಟೆಗೇ ಹೋಗಿ ಬಸ್ ಸ್ಟಾಪಿನಲ್ಲಿ ನಿಂತೆ. ಆರಾಯಿತು. ಆರೂ ಕಾಲು, ಆರೂವರೆ. ವಿಕ್ರೋಳಿಯಿಂದ ಬಂದ ನಾಲ್ಕು ಬಸ್ಸುಗಳಲ್ಲಿ ಅವರಿರಲಿಲ್ಲ. ಅಕ್ಕ ಹೇಳಿದ್ದೇ ಆಯಿತು ಎಂದುಕೊಂಡೆ. ಯಾವ ಸ್ಟೇಷನ್ನಿನಿಂದ ಹುಡುಕಲು ಶುರು ಮಾಡಬೇಕೆಂದು ಲೆಕ್ಕ ಹಾಕುತ್ತಿದ್ದೆ. ಆರೂ ನಲವತ್ತಕ್ಕೆ ನಡೆದುಕೊಂಡು ಬಂದರು, ಬಸ್ಸು ಕೆಟ್ಟು ನಿಂತಿತ್ತಂತೆ. ಸುಮಿಯ ಕೈ ಹಿಡಿದಿದ್ದರು, ಎಷ್ಟು ಗಟ್ಟಿಯಾಗಿ ಎಂದರೆ ಅವಳ ಬೆರಳ ತುದಿ ಕೆಂಪಗಾಗಿತ್ತು.

ಅವಳ ಚೀಲ ಇಸಿದುಕೊಳ್ಳುವ ನೆಪದಲ್ಲಿ ನಾನು ಅವರ ಹತ್ತಿರಕ್ಕೆ ಬಾಗಿದೆ. ವಾಸನೆ ನೋಡಲು. ಎಂಟು ವರ್ಷ ಬಾಗಿಲಲ್ಲಿ ಹಾಗೇ ಮಾಡುತ್ತಿದ್ದೆ, ಆಗ ಅವರು ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದರು. ಈ ಸಲ ತಿರುಗಿಸಲಿಲ್ಲ. ನಾನು ಏನು ಮಾಡುತ್ತಿದ್ದೇನೆಂದು ಗೊತ್ತಾಗಿ, ಇದ್ದಲ್ಲೇ ನಿಂತು ಬಾಯಿ ತೆರೆದು ನಿಧಾನವಾಗಿ ಉಸಿರು ಬಿಟ್ಟರು. ಕಡಲೆಕಾಯಿ ವಾಸನೆ ಬಂತು. ಬೇರೇನೂ ಇರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ನಾವು ಮತ್ತೆ ಒಂದೇ ಮನೆಯಲ್ಲಿ ಇರುವ ಮಾತಿಲ್ಲ. ಅವರು ಕೇಳಿಲ್ಲ, ನಾನೂ ಹೇಳಿಲ್ಲ. ನನಗೆ ವಿಕ್ರೋಳಿಯಲ್ಲೇ ಒಂದು ಔಷಧಿ ಪ್ಯಾಕ್ ಮಾಡುವಲ್ಲಿ ಕೆಲಸ ಸಿಕ್ಕಿದೆ. ಡಬ್ಬದ ಮೇಲಿನ ಇಂಗ್ಲಿಷ್ ಓದಿ ವಿಂಗಡಿಸುವುದು. ಇದೇ ತಿಂಗಳು ಒಂದಕ್ಕೆ ಸೇರಿದೆ.

ಕಳೆದ ವಾರ ಸುಮಿ ಅವರ ಎದುರಿಗೇ ಕೇಳಿಬಿಟ್ಟಳು, “ಅಮ್ಮ, ನೀನು ಎವೆರಿ ಸಂಡೇ ಅಪ್ಪನ್ನ ಯಾಕೆ ಸ್ಮೆಲ್ ಮಾಡ್ತೀಯಾ?” ಇನ್ನು ಮಾಡುವುದಿಲ್ಲ ಎಂದು ಅವರಿಗೆ ಹೇಳಿದೆ. ಹೇಳುವಾಗಲೇ ಆಗದ ಮಾತು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

“ಮಾಡ್ಕೋ,” ಎಂದರು. “ಎಷ್ಟು ದಿನ ಬೇಕೋ ಅಷ್ಟು ದಿನ ಮಾಡ್ಕೋ. ನಾನು ನಿಂತ್ಕೋತೀನಿ.”

ಬಸ್ಸು ಬಂತು. ಹತ್ತಿ ಕೂತು, ಕಿಟಕಿಯಿಂದ ಮಗಳಿಗೆ ಕೈ ಬೀಸಿದರು. ಇವತ್ತೂ ಭಾನುವಾರ. ಐದೂವರೆಯಾಗುತ್ತ ಬಂತು, ಸ್ಟಾಪಿಗೆ ಹೊರಡಬೇಕು.

ಪುಟ್ಟಲಕ್ಷ್ಮಿ